ಎಳನೀರು ಒಯ್ಯಿರಿ ಎಂದು ಬರೆದ ವಾರ

ಪ್ರತಿ ಶನಿವಾರ ಸಂಜೆ ಐದು ಗಂಟೆಗೆ ನಾನೊಂದು ಚೀಟಿ ಕಳಿಸುತ್ತೇನೆ. ಚೀಟಿ ಎನ್ನುವುದು ಬರೀ ಹೆಸರಿಗೆ. ಅದರಲ್ಲಿ ಕಾಗದವೂ ಇಲ್ಲ, ಶಾಯಿಯೂ ಇಲ್ಲ. ಫೋನಿನ ಮೇಲೆ ಹೆಬ್ಬೆರಳು ಕುಟ್ಟಿ ಕುಟ್ಟಿ ಬರೆದು ನಮ್ಮ ಓದುವ ಬಳಗದ ಗುಂಪಿಗೆ ಹಾಕುವುದು, ಅಷ್ಟೇ. ಹುಬ್ಬಳ್ಳಿಯವರು ಧಾರವಾಡದವರು ಸೇರಿ ಅರವತ್ತು ಎಪ್ಪತ್ತು ಹೆಂಗಸರಿರುವ ಗುಂಪದು. ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಸೇರಿ ಪುಸ್ತಕದ ಬಗ್ಗೆ ಮಾತಾಡುತ್ತೇವೆ. ಕಾಲು ತಾಸು ಪುಸ್ತಕ, ಉಳಿದದ್ದು ಮಾತು.

ಬೇಸಿಗೆಯ ಚೀಟಿಗೆ ಮೂರು ಭಾಗ. ಬಿಸಿಲಿಗೆ, ಓದಿಗೆ, ಕೊಡಲಿಕ್ಕೆ. ಬಿಸಿಲಿಗೆ ಎಂದರೆ ಧಗೆ ಕಳೆಯುವ ಉಪಾಯ: ಮಾಳಿಗೆಯ ನೀರಿನ ಟಾಕಿಗೆ ಗೋಣಿಚೀಲ ಸುತ್ತುವುದು, ಪಡುವಣ ಕಿಟಕಿಗೆ ಹಳೆಯ ಕೌದಿ ಇಳಿಬಿಡುವುದು, ಇಂಥವು. ಓದಿಗೆ ಎಂದರೆ ಆ ವಾರ ನನ್ನ ದಿಂಬಿನ ಪಕ್ಕ ಇದ್ದ ಪುಸ್ತಕ. ಕೊಡಲಿಕ್ಕೆ ಎಂದರೆ ಉಡುಗೊರೆ. ಮದುವೆ, ಮುಂಜಿವೆ, ಬಸುರಿಯ ಕುಬಸ, ಗೃಹಪ್ರವೇಶ ಎಲ್ಲವೂ ನಮ್ಮಲ್ಲಿ ಬೇಸಿಗೆಯಲ್ಲೇ ಬಂದು ಬೀಳುತ್ತವೆ; ಏನು ಒಯ್ಯುವುದೆಂದು ಎಲ್ಲರಿಗೂ ತಲೆಬಿಸಿ. ಮದುವೆಗೆ ಗೋಡೆ ಗಡಿಯಾರ ಕೊಡಬೇಡಿ, ಆ ಮನೆಯಲ್ಲಿ ಆಗಲೇ ಏಳು ಗಡಿಯಾರ ಏಳು ಹೊತ್ತು ತೋರಿಸುತ್ತಿರುತ್ತವೆ ಎಂದು ಒಮ್ಮೆ ಬರೆದಿದ್ದೆ. ಆ ವಾರ ಗಡಿಯಾರ ಕೊಂಡಿಟ್ಟಿದ್ದ ಒಬ್ಬರು ನನ್ನ ಕೂಡ ಮಾತು ಬಿಟ್ಟರು.

ಆದರೆ ಉಳಿದವರು ಹೇಳಿದ್ದನ್ನು ಮಾಡುತ್ತಿದ್ದರು. ಅದೇ ಮುಂದೆ ಮುಳುವಾಯಿತು. ಮಾಳಿಗೆಗೆ ಸುಣ್ಣ ಬಳಿಯಿರಿ ಎಂದು ಬರೆದ ಮರುವಾರ ನಾನಿರುವ ಬೈರಿದೇವರಕೊಪ್ಪದ ನಮ್ಮ ಸಾಲಿನಲ್ಲೇ ಮೂರು ಮಾಳಿಗೆ ಬೆಳ್ಳಗಾದವು. ಮೇಲೆ ಹತ್ತಿ ನಿಂತು ನೋಡಿ ನನಗೆ ಒಳಗೊಳಗೇ ಭಾರೀ ಖುಷಿ. ಮೂವತ್ತು ವರ್ಷ ಸಾಲೆಯೊಂದರ ಗ್ರಂಥಾಲಯದಲ್ಲಿ ಕೂತು "ಗದ್ದಲ ಮಾಡಬ್ಯಾಡ್ರಿ" ಎಂದು ಹೇಳಿದರೂ ಯಾರೂ ಕಿವಿಗೊಡದವಳು ನಾನು. ಈಗ ನನ್ನ ಮಾತು ನಡೆಯುತ್ತದೆ ಎಂಬ ಗರ್ವ ಬಂದಿತ್ತು. ಬೇರೆ ಮೆತ್ತಗಿನ ಮಾತು ಹುಡುಕುವುದಿಲ್ಲ, ಅದು ಗರ್ವವೇ.

ಈ ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯರು ಧಾರವಾಡದ ಮಾಳಮಡ್ಡಿಯ ಅಕ್ಕೋರು. ನಾನಿದ್ದ ಸಾಲೆಯಲ್ಲೇ ಕನ್ನಡ ಕಲಿಸಿ ನನಗಿಂತ ಎಷ್ಟೋ ಮೊದಲು ನಿವೃತ್ತರಾದವರು. ಎಪ್ಪತ್ತೆಂಟು ವಯಸ್ಸು, ಕಡ್ಡಿಯಂಥ ಮೈ, ಮಾತು ಮಾತ್ರ ಈಗಲೂ ವರ್ಗದ ಕೊನೆಯ ಬೆಂಚಿಗೆ ಕೇಳುವಷ್ಟು ಸ್ಪಷ್ಟ. ನನ್ನ ಚೀಟಿಯನ್ನು ಎರಡೆರಡು ಸಲ ಓದಿಸಿ ಕೇಳುವವರು ಅವರೊಬ್ಬರೇ. ಹಿಂದಿನ ಯುಗಾದಿಯ ಹೊತ್ತಿಗೆ ಬೇವು ಬೆಲ್ಲ ಕೊಡಲು ಅವರ ಮನೆಗೆ ಹೋಗಿದ್ದೆ. ಅಕ್ಕೋರು ಒಂದು ಸ್ಟೀಲಿನ ಲೋಟದಲ್ಲಿ ನೀರು ಅಳೆದು ತಂಬಿಗೆಗೆ ಹಾಕುತ್ತಿದ್ದರು. ಇದೇನು ಎಂದು ಕೇಳಿದೆ. ಬಾಗಿಲಾಚೆ ಓಣಿಯಲ್ಲಿ ಯಾರಾದರೂ ಇದ್ದಾರೆಯೇ ಎಂದು ನೋಡಿ ದನಿ ತಗ್ಗಿಸಿದರು.

"ಕಿಡ್ನಿ ಎರಡೂ ಸೊರಗ್ಯಾವಂತ. ನೀರು ಅಳದು ಕುಡೀಬೇಕಂತ. ನೀ ಯಾರ ಮುಂದೂ ಬಾಯಿ ಬಿಡಬ್ಯಾಡ, ತಂಗಿ."

"ಯಾಕ್ರಿ ಅಕ್ಕೋರ, ಇದರಾಗ ಮುಚ್ಚೂದು ಏನೈತ್ರಿ?"

"ಹೇಳಿದ್ರ ನೋಡಲಿಕ್ಕೆ ಬರತಾರ. ಬಂದವರು ಸುಮ್ಮನ ಕೂಡಂಗಿಲ್ಲ, ಅವರ ಕಾಕಾ ಹೆಂಗ ಸತ್ತ, ಇವರ ಮಾಮಾ ಹೆಂಗ ಸತ್ತ ಅಂತ ಹೇಳತಾರ. ನನಗ ಅದು ಬ್ಯಾಡ. ಆಣಿ ಮಾಡು."

ನಕ್ಕು ಆಣೆ ಮಾಡಿದೆ. ಏನು ತಿನ್ನಬಹುದು, ಏನು ತಿನ್ನಬಾರದು ಎಂದು ಕೇಳಲಿಲ್ಲ. ನೀರಿನದು ಹೇಳಿದರಲ್ಲ, ನೀರಷ್ಟೇ ಇರಬೇಕು ಎಂದುಕೊಂಡೆ. ಪುಸ್ತಕದ ನಡುವೆ ಕೆಲಸ ಮಾಡಿದವಳಾದರೂ ಒಂದು ಪುಟ ತಿರುವಿ ನೋಡುವ ವ್ಯವಧಾನ ನನಗೆ ಆಗ ಇರಲಿಲ್ಲ.

ಬಿಸಿಲು ಏರಿದ ಮೇಲೆ ಒಂದು ಮಂಗಳವಾರ ಅಕ್ಕೋರು ಹಿತ್ತಲಿನ ಮೆಟ್ಟಿಲ ಮೇಲೆ ಜಾರಿ ಪಾದ ಮುರಿದುಕೊಂಡರು. ಮೊಣಕಾಲಿನ ಕೆಳಗೆಲ್ಲ ಪ್ಲಾಸ್ಟರು. ಸೊಸೆ ತಂಗಿಯ ಮದುವೆಗೆಂದು ತವರಿಗೆ ಹೋಗಿದ್ದಳು. ಮನೆಯಲ್ಲಿ ಅಕ್ಕೋರು ಮತ್ತು ಮಗ ಇಬ್ಬರೇ. ಸುದ್ದಿ ಗುಂಪಿನಲ್ಲಿ ಹಬ್ಬಿತು. ಕಾಲು ಮುರಿದದ್ದನ್ನು ಮುಚ್ಚಿಡಲು ಬರುವುದಿಲ್ಲವಲ್ಲ. ಭಾನುವಾರ ಎಲ್ಲರಿಗೂ ಬಿಡುವು, ಒಂದೇ ಸಲ ಹಿಂಡುಗಟ್ಟಿ ಹೋಗುವುದು ಬೇಡ, ಇಬ್ಬಿಬ್ಬರು ಮೂವರು ಬೆಳಗಿನಿಂದ ಸಂಜೆಯವರೆಗೆ ಸರತಿಯ ಮೇಲೆ ಹೋಗೋಣ ಎಂದು ನಿಶ್ಚಯವಾಯಿತು. ಗದ್ದಲ ನನಗಾಗದು, ನಾನು ಸೋಮವಾರ ಹೋಗುತ್ತೇನೆ ಎಂದೆ.

ಆ ಶನಿವಾರ ಚೀಟಿ ಬರೆಯಲು ಕೂತಾಗ ಅಕ್ಕೋರ ಮನೆಗೆ ಬರಲಿರುವ ಬಿಸ್ಕಿಟಿನ ಪುಡಿಕೆಗಳೇ ಕಣ್ಣಮುಂದೆ ಬಂದವು. ಬೇನೆ ಬಿದ್ದವರನ್ನು ನೋಡಲು ಹೋಗುವಾಗ ನಮ್ಮ ಮಂದಿ ಬರಿಗೈಯಲ್ಲಿ ಹೋಗುವುದಿಲ್ಲ. ಬಿಸ್ಕಿಟು, ಬ್ರೆಡ್ಡು, ಮೇಣ ಸವರಿದ ಸೇಬು. ಅವು ಕಪಾಟಿನ ಮೇಲೆ ಕೂತು ಇನ್ನೊಂದು ಮನೆಯ ರೋಗಿಯನ್ನು ಕಾಯುತ್ತವೆ. ನಾನು ಉಮೇದಿನಿಂದ ಬರೆದೆ. 'ಬಿಸಿಲಿಗೆ' ಎಂಬಲ್ಲಿ, ದಿನಕ್ಕೆ ಎರಡು ಎಳನೀರು ಕುಡಿದರೆ ದೇಹ ತಂಪು, ಶಕ್ತಿ, ಯಾವ ಅಪಾಯವೂ ಇಲ್ಲದ ಪಾನೀಯ ಇದೊಂದೇ ಎಂದೆ. 'ಕೊಡಲಿಕ್ಕೆ' ಎಂಬಲ್ಲಿ, ಹಿರಿಯರ ಮನೆಗೆ ಹೋಗುವಾಗ ಪುಡಿಕೆ ಬಿಡಿ, ಎಳನೀರು ಒಯ್ಯಿರಿ. ಕೊಟ್ಟು ಬರಬೇಡಿ, ನಿಮ್ಮ ಎದುರಿಗೇ ಕುಡಿಸಿ ಬನ್ನಿ, ಇಲ್ಲದಿದ್ದರೆ ಅವರು ಮನೆಯವರಿಗೆ ಎತ್ತಿಡುತ್ತಾರೆ ಎಂದೆ. ಈ ಕೊನೆಯ ಮಾತು ಬರೆದು ನಾನೇ ತಲೆದೂಗಿದ್ದು ನೆನಪಿದೆ.

ಭಾನುವಾರ ಊಟ ಮುಗಿಸಿ ಫ್ಯಾನಿನ ಕೆಳಗೆ ಚಾಪೆ ಹಾಸಿಕೊಂಡು ಮುಂದಿನ ವಾರದ 'ಓದಿಗೆ' ಎಂದು ತೆಗೆದಿಟ್ಟಿದ್ದ ಪುಸ್ತಕ ಹಿಡಿದೆ. ಯಾರೋ ವೈದ್ಯರು ಮನೆಮಂದಿಗೆಂದು ಬರೆದ ಸಣ್ಣ ಪುಸ್ತಕ, ಬೇನೆಗೆ ತಕ್ಕ ಊಟದ ಬಗ್ಗೆ. ಒಂದು ಗಂಟೆ ದಾಟಿತ್ತು. ಕಣ್ಣು ಎಳೆಯುತ್ತಿದ್ದವು. ಕಿಡ್ನಿ ಎಂಬ ಅಧ್ಯಾಯ ಬಂದಾಗ ಅಕ್ಕೋರು ನೆನಪಾಗಿ, ಅವರಿಗೆ ಹೇಳಲು ಏನಾದರೂ ಸಿಕ್ಕೀತೆಂದು ಎದ್ದು ಕೂತೆ.

ಮೂರನೆಯ ಪುಟದಲ್ಲೇ ಇತ್ತು. ಕಿಡ್ನಿ ಸೊರಗಿದವರಿಗೆ ಎಳನೀರು ಆಗದು. ಅದರಲ್ಲಿ ಪೊಟ್ಯಾಸಿಯಂ ಎಂಬ ಲವಣ ಹೆಚ್ಚು. ಗಟ್ಟಿ ಕಿಡ್ನಿ ಅದನ್ನು ಹೊರಗೆ ಹಾಕುತ್ತದೆ, ಸೊರಗಿದ ಕಿಡ್ನಿ ಹಾಕಲಾರದು. ರಕ್ತದಲ್ಲಿ ಅದು ಏರಿದರೆ ಕೈಕಾಲು ಸೋಲುತ್ತವೆ, ನಾಡಿ ತಪ್ಪುತ್ತದೆ, ಹೃದಯ ನಿಂತೂ ಹೋಗಬಹುದು.

ಅದೇ ಸಾಲನ್ನು ಮೂರು ಸಲ ಓದಿದೆ, ಎಲ್ಲಾದರೂ 'ಆದರೆ' ಎಂದು ಇದ್ದೀತೇ ಎಂದು. ಇರಲಿಲ್ಲ.

ಫೋನು ತೆಗೆದೆ. ಗುಂಪಿನಲ್ಲಿ ಫೋಟೋ ತುಂಬಿದ್ದವು. ಮೊದಲನೆಯದು ಬೆಳಗಿನ ಒಂಬತ್ತೂವರೆಯದು: ಅಕ್ಕೋರು ಆರಾಮಕುರ್ಚಿಯಲ್ಲಿ, ಪ್ಲಾಸ್ಟರಿನ ಕಾಲು ಸ್ಟೂಲಿನ ಮೇಲೆ, ಕೈಯಲ್ಲಿ ಗಾಜಿನ ಗ್ಲಾಸು, ಅಕ್ಕಪಕ್ಕ ನಗುವ ಇಬ್ಬರು. ಕೆಳಗೆ 'ಚೀಟಿ ಪ್ರಕಾರ ನಮ್ಮ ಕೆಲಸ ಮುಗೀತು' ಎಂದು ಬರೆದಿದ್ದರು. ಹತ್ತೂಮುಕ್ಕಾಲಿಗೆ ಇನ್ನೊಂದು. ಬೇರೆ ಮೂವರು, ಅದೇ ಕುರ್ಚಿ, ಮತ್ತೆ ತುಂಬಿದ ಗ್ಲಾಸು. ಹನ್ನೆರಡಕ್ಕೆ ಮತ್ತೊಂದು. ಅದರಲ್ಲಿ ಅಕ್ಕೋರ ನಗು ಸಣ್ಣದಾಗಿತ್ತು. ಹನ್ನೆರಡೂವರೆಯದರಲ್ಲಿ ಅವರು ಗ್ಲಾಸನ್ನು ಎರಡೂ ಕೈಯಿಂದ ಹಿಡಿದಿದ್ದರು. ಬೆರಳಿನಿಂದ ಫೋಟೋ ಹಿಗ್ಗಿಸಿ ಹಿಗ್ಗಿಸಿ ಅವರ ಮೋರೆ ನೋಡಿದೆ. ಹಿಗ್ಗಿಸಿದಷ್ಟೂ ಮೋರೆ ಮಸುಕಾಯಿತು.

ಅಕ್ಕೋರಿಗೆ ಫೋನ್ ಮಾಡಿದೆ. ಗಂಟೆ ಹೊಡೆದು ಹೊಡೆದು ನಿಂತಿತು. ಮತ್ತೆ ಮಾಡಿದೆ. ಮಗನ ನಂಬರು ನನ್ನಲ್ಲಿರಲಿಲ್ಲ. ಸೊಸೆಯದು ಇತ್ತು, ಮಾಡಿದೆ; ಮದುವೆಮನೆಯಲ್ಲಿ ಆಕೆಗೆ ಫೋನು ಯಾಕೆ ಕೇಳಿಸಬೇಕು?

ಇನ್ನು ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು. ನಾನು ತಕ್ಷಣ ಗುಂಪಿನಲ್ಲಿ 'ಅಕ್ಕೋರಿಗೆ ಎಳನೀರು ಕೊಡಬೇಡಿ' ಎಂದು ಹಾಕಬೇಕಿತ್ತು. ಮೂರೇ ಪದ. ಹಾಕಲಿಲ್ಲ. ಹಾಕಿದರೆ ಯಾಕೆ ಎಂದು ಕೇಳುತ್ತಾರೆ, ಕೇಳಿದರೆ ಆಣೆ ಮುರಿಯಬೇಕಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಖರೇ ಅಂದರೆ ಆಣೆ ಒಂದು ನೆವ. ಯಾವ ಅಪಾಯವೂ ಇಲ್ಲ ಎಂದು ಶನಿವಾರ ಬರೆದವಳು ಭಾನುವಾರ ಜೀವಕ್ಕೆ ಅಪಾಯ ಎಂದು ಬರೆಯಬೇಕಲ್ಲ, ಅರವತ್ತು ಎಪ್ಪತ್ತು ಮಂದಿಯ ಮುಂದೆ! ಬರೆದೆ, ಅಳಿಸಿದೆ. ಕೆಲವರಿಗೆ ಎಂದು ಶುರು ಮಾಡಿದೆ, ಅಳಿಸಿದೆ. ತಜ್ಞರ ಪ್ರಕಾರ ಎಂದು ಶುರು ಮಾಡಿದೆ. ಒಬ್ಬ ಮುದುಕಿ ಅಲ್ಲಿ ಗ್ಲಾಸಿನ ಮೇಲೆ ಗ್ಲಾಸು ಕುಡಿಯುತ್ತಿರುವಾಗ ನಾನು ಇಲ್ಲಿ ವಾಕ್ಯ ತಿದ್ದುತ್ತ ಅರ್ಧ ತಾಸು ಕಳೆದೆ. ಕೊನೆಗೆ ಹಾಕಿದ್ದು ಇಷ್ಟು: 'ಎಳನೀರು ಒಳ್ಳೆಯದಾದರೂ ಯಾವುದೂ ಅತಿಯಾಗಬಾರದು, ಮಿತಿ ಇರಲಿ.'

ನಾಲ್ಕು ಮಂದಿ ಕೈಮುಗಿಯುವ ಚಿತ್ರ ಕಳಿಸಿದರು. ಒಬ್ಬರು, 'ಖರೇ ಅದರಿ, ನೆಗಡಿ ಆಗ್ತದ' ಎಂದು ಬರೆದರು.

ಅದನ್ನು ಓದಿದ ಮೇಲೆ ಚಪ್ಪಲಿ ಮೆಟ್ಟಿ ಓಡಿದೆ. ಬೈರಿದೇವರಕೊಪ್ಪದ ಸ್ಟಾಪಿನಲ್ಲಿ ಧಾರವಾಡದ ಎ.ಸಿ. ಬಸ್ಸು ಹತ್ತಿದೆ. ಒಳಗೆ ತಂಪು, ಕಿಟಕಿಯಾಚೆ ರಸ್ತೆ ಬಿಳಿಚಿಕೊಂಡಿತ್ತು. ನವನಗರ, ರಾಯಾಪುರ, ಸತ್ತೂರು. ಪ್ರತಿ ಸ್ಟಾಪಿನಲ್ಲೂ ಬಾಗಿಲು ನಿಧಾನಕ್ಕೆ ತೆರೆದು ನಿಧಾನಕ್ಕೆ ಮುಚ್ಚುತ್ತಿತ್ತು, ನನಗೆ ಆ ಬಾಗಿಲನ್ನು ಒದೆಯಬೇಕೆನ್ನಿಸುತ್ತಿತ್ತು. ಅಕ್ಕೋರ ಫೋನು ಗಂಟೆ ಹೊಡೆಯುತ್ತಲೇ ಇತ್ತು. ಪಕ್ಕದ ಸೀಟಿನ ಹೆಂಗಸು, "ಯಾಕ್ರಿ ಬಾಯಾರ, ಆರಾಮ ಇಲ್ಲೇನ್ರಿ? ನೀರು ಕುಡೀತೀರೇನು?" ಎಂದು ಬಾಟಲಿ ಚಾಚಿದಳು. ಅದರಲ್ಲಿದ್ದದ್ದು ಬರೀ ನೀರೇ. ಆದರೂ ನನ್ನ ಕೈ ಅದನ್ನು ಮುಟ್ಟಲೊಲ್ಲದೆ ಹಿಂದಕ್ಕೆ ಸರಿಯಿತು. ರಸ್ತೆ ಬದಿಗೆ ಅಲ್ಲಲ್ಲಿ ಎಳನೀರಿನ ಗಾಡಿಗಳು ನಿಂತಿದ್ದವು. ಇಷ್ಟು ದಿನ ಅವನ್ನು ಎಣಿಸಿದವಳಲ್ಲ. ಅವತ್ತು ಎಣಿಸಿದೆ, ಹನ್ನೊಂದು.

ಮಾಳಮಡ್ಡಿಯ ಆ ಓಣಿಗೆ ರಿಕ್ಷಾ ತಿರುಗುವಾಗ, ಮನೆಯ ಮುಂದೆ ಮಂದಿ ಕೂಡಿದ್ದರೆ ಹೇಗೆ ಇಳಿಯಲಿ ಎಂದು ಯೋಚಿಸಿದೆ. ಮಂದಿ ಇರಲಿಲ್ಲ. ಬಾಗಿಲು ತೆರೆದಿತ್ತು. ಚಪ್ಪಲಿ ಬಿಡುವ ಕಟ್ಟೆಯ ಮೇಲೆ ಎಳನೀರಿನ ಬುರುಡೆಗಳು ಸಾಲಾಗಿ ಕೂತಿದ್ದವು, ಕೆಲವು ಒಡೆದವು, ಕೆಲವು ಇಡಿಯವು. ಒಡೆದವು ಆರು.

ಅಕ್ಕೋರು ಅದೇ ಕುರ್ಚಿಯಲ್ಲಿದ್ದರು. ಕಣ್ಣು ತೆರೆದಿದ್ದವು. ದೇವರೇ, ಜೀವ ಇದೆ ಎಂದುಕೊಂಡೆ. ಎದುರಿಗೆ ಗುಂಪಿನ ಇಬ್ಬರು ಗೆಳತಿಯರು ಕೂತಿದ್ದರು.

"ಬಾ ತಂಗಿ. ಸೋಮವಾರ ಬರತೇನಿ ಅಂದಿದ್ದೆಲ್ಲ?" ಎಂದರು. ಸದಾ ಸ್ಪಷ್ಟವಾಗಿದ್ದ ಮಾತು ಎಳೆದೆಳೆದು ಬಂತು.

"ಫೋನ್ ಯಾಕ ಎತ್ತಲಿಲ್ರಿ?"

"ಒಳಗ ಚಾರ್ಜಿಗೆ ಹಚ್ಚೇದ. ಕೈಕಾಲಾಗ ಶಕ್ತಿನಽ ಇಲ್ಲಧಂಗ ಆಗೇದ ನೋಡು. ಬಿಸಲಿಗೆ ಇರಬೇಕು."

"ಅದಕ್ಕಽ ಹೇಳಾಕತ್ತೇನ್ರಿ, ಇನ್ನೊಂದು ಅರ್ಧ ಗ್ಲಾಸು ತಗೋರಿ, ತ್ರಾಣ ಬರತೈತಿ," ಎಂದು ಒಬ್ಬ ಗೆಳತಿ ಗ್ಲಾಸನ್ನು ಅವರ ತುಟಿಯ ಹತ್ತಿರ ಒಯ್ದಳು. "ಎದುರಿಗೆ ಕುಡಿಸಿ ಬರ್ರಿ ಅಂತ ಇವರಽ ಬರದಾರಲ್ರಿ!"

ಆಕೆಯ ಕೈಯಿಂದ ಗ್ಲಾಸು ಕಿತ್ತುಕೊಂಡು ಅಂಗಳದ ಮೋರಿಗೆ ಚೆಲ್ಲಿದೆ. ನನ್ನ ಸೀರೆಯ ಮೇಲೂ ಅರ್ಧ ಚೆಲ್ಲಿತು. ಗೆಳತಿಯರಿಬ್ಬರೂ ಬಾಯಿ ತೆರೆದು ನೋಡಿದರು. ನಂತರ ಒಬ್ಬಾಕೆ, "ಏನಾಗೈತ್ರಿ ನಿಮಗ?" ಎಂದು ಸಿಟ್ಟಾಗಿ ಎದ್ದಳು.

"ದವಾಖಾನಿಗೆ ಹೋಗಬೇಕು. ಈಗಽ ಹೋಗಬೇಕು," ಎಂದೆ. ಅಕ್ಕೋರು ನನ್ನನ್ನು ನೋಡಿ ಹುಬ್ಬು ಗಂಟಿಕ್ಕಿ ತಲೆ ಅಲ್ಲಾಡಿಸಿದರು. ಇವರ ಮುಂದೆ ಬೇಡ ಎಂದು. ಸಾಯುವ ಹೊತ್ತಿನಲ್ಲೂ ಈ ಮುದುಕಿಗೆ ಮಂದಿಯ ಚಿಂತೆಯೇ ಎಂದು ನನಗೆ ಕೆಟ್ಟ ಸಿಟ್ಟು ಬಂತು. ಅರ್ಧ ತಾಸು ನಾನು ಏನು ಮಾಡುತ್ತಿದ್ದೆ ಎಂಬುದು ಆಗ ನೆನಪಾಗಲಿಲ್ಲ. ಅವರ ಮಣಿಕಟ್ಟು ಹಿಡಿದು ನಾಡಿ ನೋಡಿದೆ. ನನಗೆ ನಾಡಿ ತಿಳಿಯುವುದಿಲ್ಲ. ಆದರೂ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ನಾನು ಕಾಯಬೇಕಾಯಿತು, ಅದು ತಿಳಿಯಿತು.

ಗದ್ದಲ ಕೇಳಿ ಒಳಗಿನಿಂದ ಮಗ ಬಂದ. ಐವತ್ತರ ಹತ್ತಿರದ ಮನುಷ್ಯ, ದೇಶಪಾಂಡೆ ನಗರದ ಒಂದು ಆಫೀಸಿನಲ್ಲಿ ಕೆಲಸ. ಅವನ ಕಿವಿಯಲ್ಲಿ ಎರಡು ಮಾತು ಹೇಳಿದೆ. ಅವನ ಮೋರೆ ಬಿಳಿಚಿತು. ಯಾಕೆ ಏನು ಎಂದು ಕೇಳದೆ ತಾಯಿಯನ್ನು ಮಗುವಿನಂತೆ ಎತ್ತಿಕೊಂಡು ಹೋಗಿ ಕಾರಿನಲ್ಲಿ ಕೂರಿಸಿದ.

ಅಕ್ಕೋರು ಯಾವಾಗಲೂ ತೋರಿಸುವ ದವಾಖಾನೆಯಲ್ಲಿ ಎದೆಗೆ ವೈರು ಹಚ್ಚಿ ಇಸಿಜಿ ಪಟ್ಟಿ ತೆಗೆದರು, ರಕ್ತ ತೆಗೆದರು. ಪಟ್ಟಿ ನೋಡಿದ ಡಾಕ್ಟರು, ನನ್ನ ಮಗಳ ವಯಸ್ಸಿನ ಹುಡುಗಿ, ಒಮ್ಮೆಲೇ ನರ್ಸುಗಳ ಕಡೆ ತಿರುಗಿ ಏನೇನೋ ಔಷಧಿಯ ಹೆಸರು ಹೇಳತೊಡಗಿದಳು. ಆಕೆಯ ಅವಸರವೇ ನನಗೆ ಎಲ್ಲ ಹೇಳಿತು. ಸೂಜಿ ಚುಚ್ಚುತ್ತಲೇ ಅಕ್ಕೋರನ್ನು ಕೇಳಿದಳು, "ಅಜ್ಜಿ, ಏನು ಕುಡಿದಿದ್ರಿ?"

"ಎಳನೀರು. ಆಸೆ ಆತು. ನಾನಽ ತರಿಸಿಕೊಂಡು ಕುಡದೆ."

"ಎಷ್ಟು?"

"ಐದಾರು ಇರಬೇಕು."

"ನಿಮ್ಮ ಫೈಲಿನಾಗ ಬರದೇತಲ್ರಿ ಎಳನೀರು ಕುಡೀಬಾರದು ಅಂತ! ಸಣ್ಣ ಹುಡುಗರಂಗ ಮಾಡಿದ್ರ ಹೆಂಗ?"

ಅಕ್ಕೋರು ಬಯ್ಗುಳ ತಿಂದು ಸುಮ್ಮನೆ ಕಣ್ಣು ಮುಚ್ಚಿದರು. ನಾನು ಮಂಚದ ಕಾಲ ಹತ್ತಿರ ನಿಂತಿದ್ದೆ. ಬಾಯಿ ತೆರೆಯಲಿಲ್ಲ. ನಮ್ಮನ್ನು ಹೊರಗೆ ಕಳಿಸಿ ಪರದೆ ಎಳೆದರು.

ಹೊರಗಿನ ಬೆಂಚಿನ ಮೇಲೆ ಮಗನೂ ನಾನೂ ಕೂತೆವು. ಅವನು ಎರಡೂ ಕೈ ಮೊಣಕಾಲ ನಡುವೆ ಇಟ್ಟು ನೆಲ ನೋಡುತ್ತಿದ್ದ. ಪರದೆಯ ಹಿಂದೆ ಯಂತ್ರ ಟಿಕ್ ಟಿಕ್ ಎನ್ನುತ್ತಿತ್ತು; ನಡುನಡುವೆ ತಡೆದಂತಾದಾಗ ಇಬ್ಬರೂ ತಲೆ ಎತ್ತುತ್ತಿದ್ದೆವು. ಅಕ್ಕೋರಿಗೆ ಮೊದಲೇ ಗೊತ್ತಿತ್ತು! ಕುಡಿಯಬಾರದೆಂದು ಗೊತ್ತಿದ್ದೂ ಕುಡಿದಿದ್ದಾರೆ. ಬಂದವರ ಮನಸ್ಸು ಮುರಿಯಬಾರದೆಂದು ಒಂದು ಗುಟುಕು ಕುಡಿಯುವುದು ಬೇರೆ, ಆರು ಬುರುಡೆ ಬೇರೆ. ಯಾಕೆ ಎಂದು ತಿಳಿಯಲಿಲ್ಲ. ಕೊನೆಗೆ ತಡೆಯಲಾರದೆ ಮಗನಿಗೆ ಹೇಳಿದೆ.

"ಅಕ್ಕೋರು ಆಸೆಪಟ್ಟು ಕುಡದಿಲ್ಲಪ್ಪ. ಎಳನೀರು ಒಯ್ಯಿರಿ ಅಂತ ಗುಂಪಿನ್ಯಾಗ ಬರದಾಕಿ ನಾನು. ಕಿಡ್ನಿದು ನನಗ ಗೊತ್ತಿತ್ತು. ಗೊತ್ತಿದ್ದೂ ಬರದೆ."

ಅವನು ಬಯ್ಯಲಿ ಎಂದು ಕಾದೆ. ಬಯ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವನು ನನ್ನ ಕಡೆ ತಿರುಗಲೇ ಇಲ್ಲ.

"ಗೊತ್ತದರಿ. ಅವ್ವನ ಫೋನಿನ್ಯಾಗ ನಿಮ್ಮ ಚೀಟಿ ನಾನಽ ಓದಿ ಹೇಳತೇನಿ, ಆಕಿ ಕಣ್ಣಿಗೆ ಸಣ್ಣ ಅಕ್ಷರ ಕಾಣಂಗಿಲ್ಲ," ಎಂದ. "ಪಥ್ಯದ್ದೆಲ್ಲಾ ನನ್ನ ಹೆಂಡತಿ ನೋಡತಾಳ, ನನಗ ಏನೂ ತಿಳಿಯಂಗಿಲ್ಲ. ಮುಂಜಾನೆ ಮೊದಲನೇ ಎಳನೀರು ತಂದವನು ನಾನಽ. ಅವ್ವ ಬ್ಯಾಡ ಅಂದಳು. ಡಾಕ್ಟರು ಬ್ಯಾಡ ಅಂದಾರ ಅಂದಳು. ನಾ ಮತ್ತ ನಿಮ್ಮ ಚೀಟಿ ತಗದು ತೋರಿಸಿದೆ. ನೋಡಬೇ, ಯಾವ ಅಪಾಯನೂ ಇಲ್ಲ ಅಂತ ಅವರು ಬರದಾರ, ಅವರಿಗೆ ನಿಂದೆಲ್ಲಾ ಗೊತ್ತದ ಅಂತ ನೀನಽ ಹೇಳಿದ್ದಿ, ಗೊತ್ತಿಲ್ಲದ ಬರೀತಾರೇನು ಅಂದೆ. ಆಗ ಕುಡದಳು."

ಡಾಕ್ಟರ ಮಾತು, ಅಕ್ಕೋರ ಸ್ವಂತ ತಿಳುವಳಿಕೆ, ಎರಡನ್ನೂ ನನ್ನ ಒಂದು ಸಾಲು ಹಿಂದಕ್ಕೆ ನೂಕಿತ್ತು. ಇಷ್ಟು ವರ್ಷ ನನ್ನ ಮಾತು ಯಾರೂ ಕೇಳುವುದಿಲ್ಲವೆಂದು ಕೊರಗಿದವಳಿಗೆ, ಕೇಳಿದರೆ ಏನಾಗುತ್ತದೆ ಎಂಬ ಹೆದರಿಕೆ ಒಮ್ಮೆಯೂ ಬಂದಿರಲಿಲ್ಲ. ಆ ಬೆಂಚಿನ ಮೇಲೆ ಬಂತು.

ಐದೂವರೆಯ ಸುಮಾರಿಗೆ ಡಾಕ್ಟರು ಪರದೆ ಸರಿಸಿ ಬಂದಳು. ಲವಣ ಇಳಿಯುತ್ತಿದೆ, ನಾಡಿ ಸುಧಾರಿಸಿದೆ, ಎರಡು ದಿನ ಇಲ್ಲೇ ಇರಲಿ ಎಂದಳು. ಇನ್ನು ಒಂದೆರಡು ತಾಸು ತಡವಾಗಿದ್ದರೆ ಎಂದು ಶುರು ಮಾಡಿ, ನಮ್ಮಿಬ್ಬರ ಮೋರೆ ನೋಡಿ ನಿಲ್ಲಿಸಿದಳು. ಮಗ ಎದ್ದು ಹೋಗಿ ಗೋಡೆಯ ಕಡೆ ಮುಖ ಮಾಡಿ ನಿಂತ.

ನಾನು ಒಳಗೆ ಹೋದೆ. ಅಕ್ಕೋರು ಕಣ್ಣು ತೆರೆದು, ಸೂಜಿ ಇಲ್ಲದ ಕೈಯಿಂದ ನನ್ನ ಬೆರಳು ಹಿಡಿದರು.

"ಅವರಿಗೆಲ್ಲ ಏನು ಹೇಳಿದಿ?"

"ಇನ್ನೂ ಏನೂ ಹೇಳಿಲ್ರಿ. ಈಗ ಹೇಳತೇನಿ. ನಿಮ್ಮ ಕಿಡ್ನಿದು ಹೇಳತೇನಿ, ನಾ ಬರದಿದ್ದು ತಪ್ಪು ಅಂತನೂ ಹೇಳತೇನಿ. ಆಣಿ ಮುರೀತೇನ್ರಿ ಅಕ್ಕೋರ."

ಅವರು ಬೆರಳು ಬಿಟ್ಟು ಮುಖ ಆಚೆ ತಿರುಗಿಸಿದರು. ಬೇಸರವಾಯಿತೋ ನಿದ್ದೆ ಬಂತೋ ತಿಳಿಯಲಿಲ್ಲ. ನಾನು ಹೊರಡಬೇಕೆನ್ನುವಾಗ, "ಹೇಳು ಹಂಗಾರ. ನೋಡಲಿಕ್ಕೆ ಬರಬ್ಯಾಡ್ರಿ ಅಂತನೂ ಹೇಳು," ಎಂದರು.

ಹೊರಗೆ ಬಂದು ಬೆಂಚಿನ ಮೇಲೆ ಕೂತು ಬರೆದೆ. ಈ ಸಲ ಅಳಿಸಲಿಲ್ಲ. ಕಿಡ್ನಿ ಸೊರಗಿದವರಿಗೆ ಎಳನೀರು ವಿಷದಂತೆ. ಯಾವ ಅಪಾಯವೂ ಇಲ್ಲ ಎಂದು ತಿಳಿಯದೆ ಬರೆದೆ. ಅಕ್ಕೋರಿಗೆ ಆ ಬೇನೆ ಇದೆ ಎಂದು ಗೊತ್ತಿದ್ದೂ ಬರೆದೆ. ಅವರೀಗ ದವಾಖಾನೆಯಲ್ಲಿದ್ದಾರೆ, ಉಳಿದಿದ್ದಾರೆ. ಮನೆಯಲ್ಲಿ ಯಾರಿಗಾದರೂ ಕಿಡ್ನಿಯ ತೊಂದರೆ ಇದ್ದರೆ ಡಾಕ್ಟರನ್ನು ಕೇಳದೆ ಕೊಡಬೇಡಿ, ಕೊಟ್ಟಿದ್ದರೆ ಈಗಲೇ ಕರೆದೊಯ್ಯಿರಿ. ಕಳಿಸುವ ಗುಂಡಿ ಒತ್ತಿದೆ. ಇನ್ನು ಬಯ್ಗುಳ ಬರುತ್ತವೆ ಎಂದು ಫೋನು ತೊಡೆಯ ಮೇಲಿಟ್ಟು ಕಾದೆ.

ಬಯ್ಗುಳ ಬರಲಿಲ್ಲ. ಬಂದದ್ದು ನನ್ನೊಬ್ಬಳಿಗೇ ಎಂದು ಕಳಿಸಿದ ಸಂದೇಶ. 'ನಮ್ಮ ಅವ್ವಗೂ ಇದಽ ತ್ರಾಸು ಐತ್ರಿ, ಯಾರ ಮುಂದೂ ಹೇಳಿಲ್ಲ.' ನಂತರ ಇನ್ನೊಂದು: 'ನಮ್ಮನೀಯವರಿಗೆ ಐತ್ರಿ, ಮಗಳ ಲಗ್ನ ಆಗೂತನ ಯಾರಿಗೂ ಹೇಳಬ್ಯಾಡ್ರಿ.' ಮನೆಮನೆಯೊಳಗೆ ಇಷ್ಟು ಜನ ಮುಚ್ಚಿಟ್ಟುಕೊಂಡು ಕೂತಿದ್ದರು, ನಾನು ಎಲ್ಲರಿಗೂ ಎಳನೀರು ಹಂಚಿದ್ದೆ. ಮೂರನೆಯದು ಹುಬ್ಬಳ್ಳಿಯಿಂದ, ಗುಂಪಿನಲ್ಲಿ ಎಂದೂ ಮಾತಾಡದ ಒಬ್ಬ ಸೊಸೆಯದು.

'ನಮ್ಮ ಮಾವನೋರಿಗೆ ವಾರಕ್ಕ ಎರಡು ಸಲ ಡಯಾಲಿಸಿಸ್ ಐತ್ರಿ. ನಿಮ್ಮ ಚೀಟಿ ನೋಡಿ ಮುಂಜಾನಿಂದ ಮೂರು ಎಳನೀರು ಕುಡಿಸೇನ್ರಿ. ಭಾಳ ಸುಸ್ತು ಅಂತ ಮಧ್ಯಾಹ್ನದಿಂದ ಮಲಗ್ಯಾರ. ಎಬ್ಬಸೂದೇನ್ರಿ?'

ಉತ್ತರ ಬರೆಯಲು ಹೋಗಲಿಲ್ಲ. ನೇರ ಫೋನ್ ಮಾಡಿದೆ. ಮೊದಲ ಗಂಟೆಗೇ ಎತ್ತಿದಳು.

"ಎಬ್ಬಸವ್ವಾ," ಎಂದೆ. "ಈಗಿಂದೀಗ ಎಬ್ಬಸು. ಗಾಡಿ ತರಿಸು. ನಾ ಬರದಿದ್ದು ತಪ್ಪೈತಿ."

ಆಕೆ ಫೋನು ಕೆಳಗಿಡಲಿಲ್ಲ. ಓಡುವ ಹೆಜ್ಜೆ ಕೇಳಿಸಿದವು, ಬಾಗಿಲು ತೆರೆದದ್ದು ಕೇಳಿಸಿತು. "ಮಾವಾರ," ಎಂದು ಕರೆದಳು. ಉತ್ತರವಿಲ್ಲ. "ಮಾವಾರ, ಏಳ್ರಿ," ಎಂದಳು, ಈ ಸಲ ಜೋರಾಗಿ. ಉತ್ತರವಿಲ್ಲ. ಫೋನನ್ನು ಕಿವಿಗೆ ಒತ್ತಿಕೊಂಡು ಬೆಂಚಿನಿಂದ ಎದ್ದು ನಿಂತೆ. ಮೂರನೆಯ ಸಲ ಆಕೆ ಕರೆದದ್ದು ಅಳುವಾಗಿತ್ತು.

"ಯಾಕಽ ಯವ್ವಾ?" ಎಂದು ಮುದಿ ದನಿಯೊಂದು ಬಹಳ ದೂರದಿಂದ ಕೇಳಿತು. "ಗಾಡಿ ತರಿಸವ್ವಾ, ಗಾಡಿ," ಎಂದು ಫೋನಿನೊಳಗೆ ಕೂಗಿದೆ.